ಬೀರುವಿಗೆ ಬಿಟ್ಟ ಒಂದಿಂಚು

ನಮ್ಮ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವಳು ಇಂಚಕ್ಕ. ಎದುರಿಗೆ ಬಂದು ನಿಂತವರ ಮೇಲೆ ಒಂದು ಸಲ ಕಣ್ಣಾಡಿಸಿದರೆ ಸಾಕು, ಭುಜ ಇಷ್ಟು, ಎದೆ ಇಷ್ಟು, ಎಡಗೈ ಬಲಗೈಗಿಂತ ಕಾಲಿಂಚು ಉದ್ದ ಎಂದು ಹೇಳಿಬಿಡುವಳು. ಆಮೇಲೆ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಈಗ ಅರವತ್ತೆಂಟು ವಯಸ್ಸು. ಅದರಲ್ಲಿ ಐವತ್ತು ವರ್ಷ ಹೊಲಿಗೆ ಯಂತ್ರದ ಮುಂದೆಯೇ ಕಳೆದಿದೆ. ಅಳತೆ ತಪ್ಪಿ ಬಟ್ಟೆ ವಾಪಸು ಬಂತು ಎಂಬ ಮಾತು ಯಾರ ಬಾಯಲ್ಲೂ ಇಲ್ಲ. ಅಂಥವಳು ಒಂದೇ ಒಂದು ಸಲ ಅಳತೆ ತಪ್ಪಿದಳು. ಅದೂ ಬಟ್ಟೆಯದಲ್ಲ, ಬೀರುವಿನದು.

ಆ ಮರದ ಬೀರು ಅವಳಪ್ಪನ ಕಾಲದ್ದು. ಅವನೂ ದರ್ಜಿ, ಅದೇ ಅಂಗಡಿ. ಬೀರುವಿನ ಮೇಲ್ಭಾಗಕ್ಕೆ ದೊಡ್ಡ ಬಾಗಿಲು ಎರಡು, ಕೆಳಗಿನ ಖಾನೆಗೆ ಬೇರೆ ಒಂದು ಸಣ್ಣ ಬಾಗಿಲು. ಮೇಲೆ ಹೊಲಿಯಲು ಬಂದ ಬಟ್ಟೆ ಇರುತ್ತಿತ್ತು, ಕೆಳಗೆ ಇಂಚಕ್ಕ ಇರುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಐದು ವರ್ಷ. ಕೈಗೂಸು ತಮ್ಮನನ್ನು ದೊಡ್ಡಮ್ಮ ಎತ್ತಿಕೊಂಡು ಹೋದಳು. ಇವಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅಂಗಡಿಯ ಹೊಸ್ತಿಲು ದಾಟಿದರೆ ರಸ್ತೆ. ಹುಡುಗಿ ಎಲ್ಲಿ ಗಾಡಿಯಡಿಗೆ ಓಡಿಬಿಡುವಳೋ ಎಂದು ಅಪ್ಪ ಕೆಳಗಿನ ಖಾನೆ ಖಾಲಿ ಮಾಡಿ, ಕತ್ತರಿಸಿದ ಚಿಂದಿಯನ್ನೆಲ್ಲ ತುಂಬಿ ಒಂದು ದಿಂಬು ಹೊಲಿದು ಹಾಕಿ, ಅದರೊಳಗೆ ಕೂರಿಸಿದ. ಅರ್ಧ ತೆರೆದ ಬಾಗಿಲಿನಿಂದ ಅವಳಿಗೆ ಕಾಣುತ್ತಿದ್ದುದು ಗಿರಾಕಿಗಳ ಕಾಲು ಮಾತ್ರ. ಕಾಲು ನೋಡಿ ಆಳು ಎಷ್ಟೆತ್ತರ ಎಂದು ಒಳಗಿನಿಂದಲೇ ಕೂಗುವಳಂತೆ, ಅಪ್ಪ ಟೇಪು ಹಿಡಿದರೆ ಸರಿಯಾಗಿರುತ್ತಿತ್ತಂತೆ. ಆ ಖಾನೆಯ ಸುದ್ದಿ ಎತ್ತಿದರೆ ಈಗಲೂ ಅವಳ ಮುಖ ಅರಳುತ್ತದೆ. ಅಪ್ಪ ತುಳಿಯುವ ಯಂತ್ರದ ಸದ್ದು ಮರದೊಳಗಿಂದ ಹಾದು ಬೆನ್ನಿಗೆ ತಾಕುತ್ತಿತ್ತು ಎನ್ನುತ್ತಾಳೆ.

ಅಪ್ಪ ಕಲಿಸಿದ ಲೆಕ್ಕ ಒಂದೇ. "ಮೈ ಉಸಿರಾಡುತ್ತೆ ಮಗಳೇ, ಅದಕ್ಕೊಂದಿಂಚು ಸಡಿಲ ಬಿಡು. ಬಟ್ಟೆ ಉಸಿರಾಡಲ್ಲ, ಅದಕ್ಕೆ ಬಿಡಬೇಡ." ಬೇರೆ ದರ್ಜಿಗಳು ಅಳತೆ ಬರೆದುಕೊಂಡು ಆಮೇಲೆ ಸಡಿಲ ಸೇರಿಸುತ್ತಾರೆ. ಈ ಮನೆತನದವರು ಹಾಗಲ್ಲ. ಟೇಪು ಮೂವತ್ತೈದು ಎಂದರೆ ಬಾಯಲ್ಲೇ ಮೂವತ್ತಾರು ಬರಬೇಕು, ಅಳತೆ ಪುಸ್ತಕದಲ್ಲಿ ಅದೊಂದೇ ಅಂಕಿ ಇರಬೇಕು.

ಕಳೆದ ವರ್ಷ ಕಟ್ಟಡದ ಮಾಲೀಕರು ಕೆಳಗಿನ ಅಂಗಡಿ ತಮಗೇ ಬೇಕು, ಮೇಲಿನ ಕೋಣೆಗೆ ಹೋಗಿ ಎಂದರು. ಮೇಲಕ್ಕೆ ಹೋಗಲು ಎರಡು ಗೋಡೆಗಳ ನಡುವೆ ನೇರವಾದ ಇಕ್ಕಟ್ಟು ಮೆಟ್ಟಿಲು. ಇಂಚಕ್ಕ ಟೇಪು ತೆಗೆದು ಮೆಟ್ಟಿಲು, ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಕೊನೆಗೆ ಬೀರು, ಎಲ್ಲವನ್ನೂ ಅಳೆದಳು. ಮೆಟ್ಟಿಲಿನ ಅಗಲ ಇಪ್ಪತ್ತಾರೂವರೆ ಇಂಚು. ಅಡ್ಡ ಮಲಗಿಸಿ ಹೊತ್ತರೂ ಬೀರುವಿನ ದಪ್ಪ ಇಪ್ಪತ್ತೇಳು. "ಹೋಗಲ್ಲ" ಎಂದಳು. ಇಂಚಕ್ಕ ಅಂದಮೇಲೆ ಮುಗಿಯಿತು, ಯಾರೂ ಮತ್ತೆ ಅಳೆಯಲಿಲ್ಲ. ಎದುರಿನ ಇಸ್ತ್ರಿ ಅಂಗಡಿಯವನು ಇಸ್ತ್ರಿ ಮಾಡಿದ ಬಟ್ಟೆ ಇಡಲು ಜಾಗವಿಲ್ಲದೆ ಒದ್ದಾಡುತ್ತಿದ್ದ. ಬೀರುವನ್ನು ಅವನಿಗೇ ಕೊಟ್ಟುಬಿಡುತ್ತೇನೆಂದು ಮಾತು ಕೊಟ್ಟಳು. ಆ ಮೇಲೆ ಒಂದು ವಾರ ಬೀರುವಿನ ಕಡೆ ಬೆನ್ನು ಹಾಕಿಯೇ ಹೊಲಿದಳು.

ಸಾಮಾನು ಸಾಗಿಸುವ ದಿನ ಬೆಳಗ್ಗೆ ಅವಳ ತಮ್ಮ ಬಂದ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಯಂತ್ರ, ಮೇಜು ಮೇಲಕ್ಕೆ ಹೋದವು. ಇಬ್ಬರು ಹಮಾಲಿಗಳು ಬೀರುವನ್ನು ಹೊರತಂದು ಮೆಟ್ಟಿಲ ಬಾಯಿಯ ಪಕ್ಕದಲ್ಲೇ, ರಸ್ತೆಯ ಮೇಲೆ, ಉಸಿರು ತಗೊಳ್ಳಲು ಇಳಿಸಿದರು. ತಮ್ಮ ಒಂದು ಕಣ್ಣು ಮುಚ್ಚಿ ಬೀರು ನೋಡಿದ, ಮೆಟ್ಟಿಲು ನೋಡಿದ.

"ಅಕ್ಕಾ, ಇದು ಮೇಲೆ ಹೋಗುತ್ತೆ."

"ಹೋಗಲ್ಲ. ಅಳೆದಿದ್ದೀನಿ."

"ನಿನ್ನ ಟೇಪು ಏನಾದರೂ ಹೇಳಲಿ. ಬಸ್ಸು ಓಡಿಸಿದ ಕಣ್ಣು ಇದು. ಎಂಥೆಂಥ ಸಂದಿಯಲ್ಲಿ ನುಗ್ಗಿಸಿದ್ದೀನಿ."

"ನುಗ್ಗಿಸಿದ್ದೂ ಗೊತ್ತು, ಮೂರು ಸಲ ಕನ್ನಡಿ ಒಡೆದುಕೊಂಡು ಬಂದಿದ್ದೂ ಗೊತ್ತು."

"ಎರಡು ಸಲ. ಮೂರನೇದು ಲಾರಿಯವನ ತಪ್ಪು" ಎನ್ನುತ್ತ ಅವಳ ಕೊರಳಲ್ಲಿದ್ದ ಟೇಪನ್ನೇ ಎಳೆದುಕೊಂಡು ಹಿಡಿದ. "ಇಪ್ಪತ್ತಾರು."

"ಇಪ್ಪತ್ತೇಳು" ಎಂದಳು ಅಕ್ಕ, ಅವನ ಹೆಗಲ ಮೇಲಿಂದ ಬಗ್ಗಿ.

ಪಂಚಾಯಿತಿಗೆ ಇಸ್ತ್ರಿಯವನನ್ನು ಕರೆದರು. ಅವನು ಹಿಂದಿನ ದಿನವೇ ತನ್ನ ಮೇಜು ಸರಿಸಿ, ಬೀರುವಿಗೆಂದು ಗೋಡೆಗೆ ಸುಣ್ಣ ಬಳಿದು ಕಾದಿದ್ದವನು. ಟೇಪು ನೋಡಿದ, ಗಂಟಲು ಸರಿ ಮಾಡಿಕೊಂಡ. "ಇಪ್ಪತ್ತಾರೇ ಅಕ್ಕ" ಎಂದ, ತನ್ನ ಮಾತು ತನಗೇ ಬೇಡವಾದವನಂತೆ.

ಇಂಚಕ್ಕ ಮತ್ತೆ ನೋಡಿದಳು. ಕಣ್ಣಿಗೆ ಇಪ್ಪತ್ತಾರು ಕಂಡಿತು, ಬಾಯಲ್ಲಿ ಮತ್ತೆ ಇಪ್ಪತ್ತೇಳೇ ಬಂತು.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೀರುವಿಗೂ ಸಡಿಲ ಬಿಟ್ಟಿದ್ದೀಯಲ್ಲಕ್ಕಾ. ಇದೇನು ಉಂಡು ಹೊಟ್ಟೆ ಉಬ್ಬಿಸುತ್ತಾ?"

ಹಮಾಲಿಗಳೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅಳತೆ ಪುಸ್ತಕ ತೆರೆದವಳ ನಗು ಅಲ್ಲೇ ನಿಂತಿತು. ಮೇಜಿನ ಅಳತೆ ಸರಿಯಾಗಿತ್ತು, ಯಂತ್ರದ್ದೂ ಸರಿ. ಅವಕ್ಕೆ ಸಡಿಲ ಸೇರಿಸಿರಲಿಲ್ಲ. ಸೇರಿಸಿದ್ದು ಬೀರು ಒಂದಕ್ಕೇ.

"ಇದೊಂದಕ್ಕೆ ನಾನ್ಯಾಕೆ ಸೇರಿಸಿದೆ?" ಎಂದಳು.

"ಸಾಕಾಗಿತ್ತೇನೋ ನಿನಗೆ ಇದು" ಎಂದ ತಮ್ಮ.

"ಸಾಕಾ? ನನಗಾ? ಇದರೊಳಗೇ ಬೆಳೆದವಳು ನಾನು."

"ನೀನೇ ಹೇಳಿದ್ದೆಯಲ್ಲ ಅಕ್ಕಾ. ಅಪ್ಪ ಮಧ್ಯಾಹ್ನ ಗುಂಡಿ, ನೂಲು ತರೋಕೆ ಹೋಗುವಾಗ ಬಾಗಿಲು ಹಾಕಿ ಚಿಲಕ ಜಡೀತಿದ್ದ, ಒಳಗೆ ಕತ್ತಲಲ್ಲಿ ಉಸಿರು ಕಟ್ತಿತ್ತು ಅಂತ."

"ನಾನಾ? ಯಾವಾಗ ಹೇಳಿದೆ?"

"ನನ್ನ ಮದುವೆಯ ಹಿಂದಿನ ದಿನ. ನನ್ನ ಅಂಗಿಗೆ ಗುಂಡಿ ಹಾಕ್ತಾ ಹೇಳಿದೆ. ಹೇಳಿ, ನೂಲು ಕಡಿದು, ಎದ್ದು ಹೋದೆ."

ಅವಳಿಗೆ ಆ ಅಂಗಿ ನೆನಪಿತ್ತು, ಆರು ಗುಂಡಿ ನೆನಪಿತ್ತು. ಮಾತು ನೆನಪಿರಲಿಲ್ಲ. ಎಲ್ಲರೂ ಸಣ್ಣ ಬಾಗಿಲ ಕಡೆ ನೋಡಿದರು. ಹೊರಗಡೆ ಹಿತ್ತಾಳೆಯ ಚಿಲಕ ಇತ್ತು, ಒಳಗಿದ್ದವರ ಕೈಗೆ ಎಟುಕದಂತೆ. ಅರವತ್ತು ವರ್ಷ ದಿನಾ ಕಂಡ ಚಿಲಕ.

"ಇಲಿ ನುಗ್ಗದಿರಲಿ ಅಂತ ಹಾಕಿಸಿದ್ದು ಅದು" ಎಂದಳು. ಚಿಲಕವನ್ನು ಬೆರಳಿಂದ ಒಮ್ಮೆ ಸರಿಸಿ ನೋಡಿ, "ಅಲ್ವೇನೋ?" ಎಂದು ತಮ್ಮನನ್ನು ಕೇಳಿದಳು. ಆಗ ದೊಡ್ಡಮ್ಮನ ಮಡಿಲಲ್ಲಿದ್ದ ಕೂಸು ಏನು ಹೇಳಬೇಕು?

ಇಸ್ತ್ರಿಯವನು ಕೈ ಹಿಸುಕಿಕೊಂಡ. "ನೋಡಿ ಅಕ್ಕ, ನನಗೇನಿಲ್ಲ. ನಿಮಗೆ ಬೇಕು ಅಂದ್ರೆ ನಾನೇ ಒಂದು ಕೈ ಕೊಟ್ಟು ಮೇಲೆ ಹತ್ತಿಸ್ತೀನಿ."

"ಬೇಗ ಒಂದು ಹೇಳಿಬಿಡಿ ಅಮ್ಮ" ಎಂದ ಹಮಾಲಿಗಳಲ್ಲೊಬ್ಬ. "ಹಿಂದೆ ಗಾಡಿ ನಿಂತಿವೆ."

ಇಂಚಕ್ಕ ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ಸಣ್ಣ ಬಾಗಿಲು ತೆರೆದು, ತಲೆ ಒಳಗಿಟ್ಟಳು. ಹೆಗಲು ಹಿಡಿಸಲಿಲ್ಲ. ಹಾಗೇ ಇದ್ದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ಇಳಿದು ಬಂದು ನೋಡಿದ. ತಲೆ ಹೊರಕ್ಕೆ ತಿರುಗಿಸಿಕೊಂಡಾಗ ತಮ್ಮ ಬಗ್ಗಿ ಕೇಳಿದ, "ಏನು ಕಾಣ್ತಕ್ಕಾ?"

"ನಿಮ್ಮ ಕಾಲು."

ಎದ್ದು ಸೀರೆ ಕೊಡವಿಕೊಂಡಳು. ಇಸ್ತ್ರಿಯವನಿಂದ ಸ್ಕ್ರೂಡ್ರೈವರ್ ತರಿಸಿದಳು. ಯಾರಿಗೂ ಕೊಡದೆ ತಾನೇ ನಾಲ್ಕು ತಿರುಪು ಬಿಚ್ಚಿ, ಚಿಲಕವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಇಸ್ತ್ರಿ ಅಂಗಡಿಗೆ ಹೊರಿ" ಎಂದಳು.

"ಮೇಲೆ ಹೋಗುತ್ತಲ್ಲಕ್ಕಾ" ಎಂದ ತಮ್ಮ.

"ಹೋಗುತ್ತೆ. ಈಗ ಗೊತ್ತಾಯ್ತಲ್ಲ."

"ಮತ್ತೆ ಯಾಕೆ?"

"ಗೊತ್ತಿಲ್ಲ ಕಣೋ. ಹೊರಲಿ ಬಿಡು."

ಬೀರು ರಸ್ತೆ ದಾಟಿತು. ಅವಳು ಮೆಟ್ಟಿಲು ಹತ್ತುವಾಗ ಎರಡೂ ಗೋಡೆಗೆ ಕೈಯಾಡಿಸುತ್ತ ಹತ್ತಿದಳು.

ಚಿಲಕವಿಲ್ಲದ ಆ ಬಾಗಿಲು ನಿಲ್ಲುವುದಿಲ್ಲ, ಎಷ್ಟು ಮುಚ್ಚಿದರೂ ಅರ್ಧ ತೆರೆದುಕೊಳ್ಳುತ್ತದೆ. "ಅಕ್ಕ, ಆ ಚಿಲಕ ಕೊಡಿ" ಎಂದು ಇಸ್ತ್ರಿಯವನು ತಿಂಗಳಿಗೊಮ್ಮೆ ಕೇಳುತ್ತಾನೆ. "ಎಲ್ಲಿಟ್ಟೆನೋ, ಹುಡುಕಬೇಕು ಕಣಪ್ಪ" ಎನ್ನುತ್ತಾಳೆ. ಅದು ಅವಳ ಗುಂಡಿ ಡಬ್ಬಿಯಲ್ಲೇ ಇದೆ, ಕೈಗೆ ಸಿಗುವಲ್ಲೇ. ಉಳಿಸಿಕೊಳ್ಳಲು ಇಟ್ಟಿದ್ದೋ, ಇನ್ನಾರೂ ಹಾಕದಿರಲಿ ಎಂದು ಇಟ್ಟಿದ್ದೋ ಎಂದು ನಾನೊಮ್ಮೆ ಕೇಳಿದೆ. ಡಬ್ಬಿಯ ಮುಚ್ಚಳ ಹಾಕಿ, ಸೂಜಿಗೆ ನೂಲು ಪೋಣಿಸತೊಡಗಿದಳು. ಅವಳ ಹೊಸ ಕಿಟಕಿಯಿಂದ ಬಗ್ಗಿ ನೋಡಿದರೆ ಎದುರಂಗಡಿಯ ಆ ಅರೆತೆರೆದ ಬಾಗಿಲು ಕಾಣುತ್ತದೆ.

ಮೊನ್ನೆ ನನ್ನ ಅಂಗಿಗೆ ಅಳತೆ ಕೊಡಲು ಹೋಗಿದ್ದೆ. ಎದೆಗೆ ಟೇಪು ಸುತ್ತಿ "ಮೂವತ್ತೊಂಬತ್ತು" ಎಂದವಳು, ಬರೆಯಲು ಪೆನ್ಸಿಲ್ಲು ಎತ್ತಿ ಹಾಗೇ ನಿಂತಳು.

"ಸೇರಿಸಿ ಹೇಳಿದೆನಾ, ಸೇರಿಸದೆ ಹೇಳಿದೆನಾ?"

"ನನಗೇನು ಗೊತ್ತಕ್ಕ" ಎಂದೆ.

ಟೇಪನ್ನು ಮತ್ತೆ ಸುತ್ತಿದಳು. ಈ ಸಲ ಬಾಯಿ ಬಿಡದೆ, ಅಂಕಿಯನ್ನೇ ಬಹಳ ಹೊತ್ತು ನೋಡಿದಳು.