ಚನ್ನವೀರಮ್ಮ ಹೇಳುತ್ತಿದ್ದ ವಿಡಿಯೊ ಕಥೆಗಳು

ಎಂಬತ್ತರ ದಶಕದಲ್ಲಿ ಕುರುಗೋಡಿನ ಹಾಲಸಿದ್ದಪ್ಪ ತನ್ನ ಮನೆಯ ಪಡಸಾಲೆಯಲ್ಲೇ ವಿಡಿಯೊ ಹಾಕುತ್ತಿದ್ದ. ಭಾನುವಾರ ಬೆಳಿಗ್ಗೆ ಮಕ್ಕಳ ಸಿನಿಮಾ. ಬಳ್ಳಾರಿಯ ಕೌಲ್ ಬಜಾರಿನಿಂದ ಬಾಡಿಗೆಗೆ ತರುತ್ತಿದ್ದ ಆ ಕ್ಯಾಸೆಟ್‌ಗಳೆಲ್ಲ ಇಂಗ್ಲಿಷಿನವು. ಮಕ್ಕಳಿಗೆ ಒಂದಕ್ಷರವೂ ತಿಳಿಯದು. ಅವನ ಹೆಂಡತಿ ಚನ್ನವೀರಮ್ಮನಿಗೂ ಇಂಗ್ಲಿಷ್ ಬಾರದು. ಆದರೂ ಆಕೆ ಟಿ.ವಿ. ಪಕ್ಕ ಕೂತು, ಚಿತ್ರ ನೋಡುತ್ತ ತಾನೇ ಕಥೆ ಕಟ್ಟಿ ಹೇಳುತ್ತಿದ್ದಳು. ಕರಡಿಮರಿ ಅತ್ತರೆ ತಾನೂ ಅಳುತ್ತಿದ್ದಳು, ನರಿ ಬಂದರೆ ದನಿ ತಗ್ಗಿಸುತ್ತಿದ್ದಳು. ಮಕ್ಕಳು ಬರುತ್ತಿದ್ದುದೇ ಆ ದನಿಗಾಗಿ.

ಒಂದು ವರ್ಷ ಆಕೆಯ ಗಂಟಲಲ್ಲಿ ಗಡ್ಡೆ ಬೆಳೆಯಿತು. ಬಳ್ಳಾರಿಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಊರಿಗೆ ಮರಳಿದ ಮೇಲೆ ಹಾಲಸಿದ್ದಪ್ಪ ಮತ್ತೆ ಮಕ್ಕಳ ಸಿನಿಮಾ ಹಾಕಿ, ಕಥೆ ಹೇಳಲು ತಾನೇ ಕೂತ. ಸ್ವಲ್ಪ ಹೊತ್ತಿಗೇ ಮುಂದಿದ್ದ ಹುಡುಗಿಯೊಬ್ಬಳು, "ನೀವು ಬ್ಯಾಡ್ರಿ, ಅಮ್ಮಾರು ಹೇಳ್ಲಿ" ಎಂದಳು.

"ಅಮ್ಮಾರಿಗೆ ಇನ್ನ ಮಾತು ಬರಂಗಿಲ್ಲವ್ವಾ."

ಒಳಗಿನಿಂದ ಇದನ್ನು ಕೇಳಿದ ಚನ್ನವೀರಮ್ಮ ಬಂದು ಟಿ.ವಿ. ಪಕ್ಕ ಕೂತು ಬಾಯಿ ತೆರೆದಳು. ಗೊರಗೊರ ಉಸಿರಷ್ಟೇ ಹೊರಟಿತು. ಆ ಸದ್ದಿಗೆ ಹೆದರಿ ಚಿಕ್ಕ ಮಕ್ಕಳು ಎದ್ದು ಓಡಿದವು.

ಮುಂದಿನ ಭಾನುವಾರ ಹಾಲಸಿದ್ದಪ್ಪ ದೊಡ್ಡವರ ಹೊಡೆದಾಟದ ಸಿನಿಮಾ ತಂದ. ಪಡಸಾಲೆ ತುಂಬಿತು. ಚನ್ನವೀರಮ್ಮ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ಯಾವ ಭಾನುವಾರವೂ ಬರಲಿಲ್ಲ.