ಫ್ಯಾನಿನ ಗಾಳಿಗೆ ಇಳಿದು ಬಂದ ಬಿಲ್ಡಿಂಗು

೧೯೮೭ರಲ್ಲಿ, ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಮುಂಬೈಗೆ ಬಂದೆ. ಲೋಟ ತೊಳೆದೆ, ಮೇಜು ಒರೆಸಿದೆ, ದೋಸೆ ಕಾವಲಿಯ ಮುಂದೆ ಬೆಂದೆ, ಕೊನೆಗೆ ಪರೇಲಿನಲ್ಲಿ ಸ್ವಂತ ಹೋಟೆಲ್ ಮಾಡಿದೆ. ಯಾರ ಶಿಫಾರಸೂ ಇಲ್ಲ. ಇದನ್ನು ಗಿರಾಕಿಗಳಿಗೆ ಆಗಾಗ ಹೇಳುತ್ತೇನೆ. ಹೆಂಡತಿಯ ಪ್ರಕಾರ ದಿನಾ ಹೇಳುತ್ತೇನೆ.

ಹೋಟೆಲಿಗಿದ್ದ ಕೊರತೆ ಎಸಿ. ಎದುರು ಸಾಲಿನ ಹೋಟೆಲಿನವನು ಹಾಕಿಸಿದ ಮೇಲೆ ಸಂಸಾರ ಸಮೇತ ಬರುವವರೆಲ್ಲ ಅತ್ತ ತಿರುಗಿದರು. ನಾನೂ ಹಾಕಿಸೋಣವೆಂದರೆ ನಮ್ಮ ಹಳೆಯ ಬಿಲ್ಡಿಂಗಿನ ವಯರಿಂಗು ಇನ್ನೊಂದೇ ದೊಡ್ಡ ಎಸಿ ತಾಳೀತಂತೆ. ಕೇಳಿದವರು ಮೂವರು: ನಾನು, ಪಕ್ಕದ ಇಳಕಲ್ ಸೀರೆ ಅಂಗಡಿಯವರು, ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ. ಅವರಿಬ್ಬರ ಹತ್ತಿರ ಒಂದೊಂದು ಸಣ್ಣ ಎಸಿ ಆಗಲೇ ಇತ್ತು.

ಬಿಲ್ಡಿಂಗ್ ಕಮಿಟಿಯವರು ಒಬ್ಬ ಇಂಜಿನಿಯರನ್ನು ಕರೆಸಿದರು. ಅವನು ಹಾಕಿದ ನಿಯಮ: ಒಂದು ದಿನ ಅಂಗಡಿ ತೆರೆಯುವಾಗ, ಮುಚ್ಚುವಾಗ ಮೂವರ ಮೀಟರ್ ನೋಡುವುದು, ಖರ್ಚಾದ ಕರೆಂಟನ್ನು ಜಾಗದ ಚದರಡಿಗೆ ಭಾಗಿಸುವುದು. ಯಾರದು ಕಡಿಮೆಯೋ ಎಸಿ ಅವರಿಗೆ.

"ಚದರಡಿ ಲೆಕ್ಕ ಎಂಥದು ಮಾರಾಯ್ರೆ? ತಲೆ ಲೆಕ್ಕ ಹಾಕಿ. ನನ್ನಲ್ಲಿ ದಿನಕ್ಕೆ ಎಷ್ಟು ಜನ ತಿಂದು ಹೋಗ್ತಾರೆ!" ಎಂದೆ.

"ಹಂಗಾರ ನಮ್ದು ಸೀರಿ ಲೆಕ್ಕ ಹಾಕ್ರಿ," ಎಂದರು ಸೀರೆಯವರು. "ಒಂದ್ ಮಾರಾಕ ಐವತ್ ಬಿಚ್ಚತೀವಿ."

ಡಾಕ್ಟರಮ್ಮ ಮುಂಬೈಯಲ್ಲೇ ಹುಟ್ಟಿದ ಮಂಗಳೂರಿನವಳು. "ನನ್ನದು ಹಲ್ಲಿನ ಲೆಕ್ಕ, ಅಂಕಲ್. ಏಕ್ ಪೇಶೆಂಟ್, ಬತ್ತೀಸ್ ಹಲ್ಲು."

ಇಂಜಿನಿಯರ್ ಚದರಡಿ ಬಿಡಲಿಲ್ಲ.

ನನಗೆ ಅಳುಕಿರಲಿಲ್ಲ. ನನ್ನ ಒಲೆ ಗ್ಯಾಸಿನದು. ಆ ದಿನ ಬೋರ್ಡಿನ ದೀಪ ಆರಿಸಿದೆ, ಖಾಲಿ ಮೇಜುಗಳ ಮೇಲಿನ ಫ್ಯಾನ್ ನಿಲ್ಲಿಸಿದೆ. ಮೇ ತಿಂಗಳು. ಗಲ್ಲಾದಲ್ಲಿದ್ದ ಹೆಂಡತಿ ಮೆನು ಕಾರ್ಡಿನಿಂದ ಗಾಳಿ ಹಾಕಿಕೊಳ್ಳುತ್ತ, "ನಿಮ್ಮ ಎಸಿ ಬರುವಷ್ಟರಲ್ಲಿ ನಾನು ಆವಿಯಾಗ್ತೇನೆ," ಎಂದಳು.

ಮಧ್ಯಾಹ್ನಕ್ಕೆ ಮೊದಲೇ ಸೀರೆಯವರು ಸೇಲ್ಸ್‌ಮನ್ನುಗಳ ಸಮೇತ ಬಂದು ಮೇಜಿಗೊಬ್ಬರಂತೆ ಕೂತರು. ಮೇಜಿಗೊಂದು ಫ್ಯಾನ್ ಹಾಕಲೇಬೇಕಾಯಿತು.

"ಅಂಗಡ್ಯಾಗ ಎಸಿ ಬಂದ್ ಮಾಡೇವ್ರಿ ಸೇಠ್ರ, ಕುಂದ್ರಾಕ ಆಗವಲ್ದು. ಎರಡ್ ಚಾ ಕೊಡ್ರಿ, ನಾಕ್ ಅರ್ಧ ಗ್ಲಾಸಿನ ಕಟಿಂಗ್ ಮಾಡಿ."

ಆಮೇಲೆ ಡಾಕ್ಟರಮ್ಮನೂ ಎಸಿ ಆರಿಸಿ ಇಳಿದಳು; ಹಿಂದೆ ಸರದಿ ಕಾಯುತ್ತಿದ್ದ ಪೇಶೆಂಟುಗಳು. ಹಲ್ಲುನೋವಿನವರು ಅಗಿಯುವುದುಂಟೇ? ಎಲ್ಲರಿಗೂ ಜ್ಯೂಸು, ಮಿಲ್ಕ್‌ಶೇಕು. ಮಿಕ್ಸರ್ ನಿಲ್ಲಲೇ ಇಲ್ಲ.

"ಏಳಿಸಲಾ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

"ಕೂತವರನ್ನಾ? ನೀವಾ?"

ಅವಳು ಹೇಳಿದ್ದು ಸರಿ. ಕೂತ ಗಿರಾಕಿಯನ್ನು ಏಳು ಎನ್ನುವಂತಿಲ್ಲ, ಅವನ ಫ್ಯಾನ್ ಆರಿಸುವಂತಿಲ್ಲ. ನಮ್ಮ ಕಡೆಯ ಹೋಟೆಲಿನವರ ಪದ್ಧತಿ ಅದು. ಹೆಚ್ಚೆಂದರೆ ಮೇಜಿನ ಹತ್ತಿರ ಹೋಗಿ, "ಇನ್ನೇನು ಬೇಕು?" ಎನ್ನಬಹುದು. ತಿಳಿದವರು ಎದ್ದು ಹೊರಡುತ್ತಾರೆ. ಕೇಳಿದೆ.

"ಮಸಾಲಿ ದೋಸಿ ಆಗ್ಲಿ ತಗೋರಿ," ಎಂದರು ಸೀರೆಯವರು.

ಸೇಲ್ಸ್‌ಮನ್ನುಗಳೂ ಅದನ್ನೇ ಕೇಳಿದರು. ಚಟ್ನಿ ಮುಗಿದು ಗ್ರೈಂಡರೂ ತಿರುಗತೊಡಗಿತು. ಅಷ್ಟರಲ್ಲಿ ಬೆವರೊರೆಸುತ್ತ ಇಂಜಿನಿಯರನೇ ಒಳಗೆ ಬಂದು ಉಳಿದಿದ್ದ ಒಂದು ಫ್ಯಾನಿನ ಕೆಳಗೆ ಕೂತ.

ರಾತ್ರಿ ಬಾಗಿಲು ಹಾಕಿದ ಮೇಲೆ ಫಲಿತಾಂಶ: ಡಾಕ್ಟರಮ್ಮ ಮೊದಲು, ಸೀರೆಯವರು ಎರಡನೆಯವರು. ಅವರಿಬ್ಬರ ಲೆಕ್ಕ ಕೂಡಿಸಿದರೂ ನನ್ನದು ಅದಕ್ಕಿಂತ ಮೇಲೆ. ಇವರೆಲ್ಲ ನನ್ನ ಗಾಳಿ ಕುಡಿದರು ಎಂದು ನಾನು ಕೂಗಾಡಿದೆ.

ಇಂಜಿನಿಯರ್ ಸಮಾಧಾನ ಹೇಳಿದ: "ಸೇಠ್, ಅವರು ಬರದಿದ್ದರೂ ನೀವೇ ಕೊನೆ. ಹೋಟೆಲ್ ಎಂದರೆ ಹಾಗೇ. ನಿಮ್ಮ ಫ್ರಿಜ್ಜಿಗೆ ರಜೆ ಇದೆಯಾ?"

ಡಾಕ್ಟರಮ್ಮನಿಗೆ ಎಸಿ ಬಂತು. ಈಗ ಹಲ್ಲು ಗಟ್ಟಿಯಿರುವವರೂ ಅಲ್ಲಿಯೇ ಕೂರುತ್ತಾರೆ.

ನನ್ನ ಹತ್ತಿರ ಇವತ್ತಿಗೆ ಇರುವುದು ಒಂದು ಹೋಟೆಲ್, ಹತ್ತು ಮೇಜು, ಹತ್ತು ಫ್ಯಾನ್, ಎರಡು ಫ್ರಿಜ್, ಒಂದು ಗ್ರೈಂಡರ್. ಎಸಿ ಇಲ್ಲ.