ಎಮ್ಮೆಯ ಪಾಲಿನ ರೊಟ್ಟಿ

ಖಾನಾಪುರದ ಕಡೆ ಅನ್ನ ಉಂಡು ಬೆಳೆದ ನನ್ನನ್ನು ಚಕ್ಕಡಿಯಲ್ಲಿ ಕೂರಿಸಿ ಮುನವಳ್ಳಿಗೆ ಸೊಸೆಯಾಗಿ ತಂದರು. ಇಲ್ಲಿ ಹೊತ್ತು ಹೊತ್ತಿಗೂ ಜೋಳದ ರೊಟ್ಟಿ. ನಾನು ಬಡಿದರೆ ಅಂಚು ಬಿರಿಯುತ್ತಿತ್ತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಅರ್ಧ ಒಲೆಗೆ ಬೀಳುತ್ತಿತ್ತು. ಕೆಟ್ಟ ರೊಟ್ಟಿಯೆಲ್ಲ ಎಮ್ಮೆಗೆ ಎಂಬುದು ಆ ಮನೆಯ ಪದ್ಧತಿ. ಎಮ್ಮೆ ಮಿರಿಮಿರಿ ಮಿಂಚತೊಡಗಿತು, ನಮ್ಮ ಯಜಮಾನರು ಸೊರಗಿದರು.

"ಬಿಡಬ್ಯಾಡವ್ವಾ, ಕೈ ಪಳಗೂ ತನಕ ಬಡಿ," ಎನ್ನುತ್ತಿದ್ದರು ಅತ್ತೆ.

ಹಾಳಾದ ಹಿಟ್ಟನ್ನು ಬೈಯುತ್ತ, ಅಳುತ್ತ ಬಡಿದೆ. ಸುಗ್ಗಿ ಹೋಗಿ ಮತ್ತೊಂದು ಸುಗ್ಗಿ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ, ಬುಟ್ಟಿ ತುಂಬ ದುಂಡನೆಯ ರೊಟ್ಟಿ! ಮನೆಮಂದಿಯೆಲ್ಲ ಹೊಟ್ಟೆ ಬಿರಿಯ ತಿಂದರು.

ಸಂಜೆ ಎಮ್ಮೆ ಹಾಲು ಕೊಡಲಿಲ್ಲ. ಅಡಿಗೆಮನೆಯತ್ತ ಕತ್ತು ಚಾಚಿ ಒದರಿತು. ಉಳಿದ ದುಂಡು ರೊಟ್ಟಿ ಹಾಕಿದರೆ ಮೂಸಿ ಮುಖ ತಿರುವಿತು. ಅತ್ತೆ ಬರಿಯ ಚರಿಗೆ ಹಿಡಿದು ಬಂದರು.

"ನಾಳಿಂದ ಒಂದೆರಡು ರೊಟ್ಟಿ ಮೊದಲಿನಂಗ ಮಾಡವ್ವಾ."

ಮರುದಿನ ಬೇಕೆಂದೇ ತಣ್ಣೀರಿನಲ್ಲಿ ಹಿಟ್ಟು ಕಲಸಿ, ಅಡ್ಡಾದಿಡ್ಡಿ ಬಡಿದೆ. ದರಿದ್ರದ್ದು, ದುಂಡಗೇ ಬಂತು. ಮತ್ತೆ ಬಡಿದೆ. ಮತ್ತೂ ದುಂಡಗೆ. ತಲೆಯ ಮೇಲೆ ಕೈ ಹೊತ್ತು ಕುಳಿತೆ.

ಅತ್ತೆ ಬೆನ್ನು ಸವರಿದರು. "ಬಿಡಬ್ಯಾಡವ್ವಾ, ಕೈ ಪಳಗೂ ತನಕ ಬಡಿ."